ಆನೆ ನಡೆದದ್ದೇ ದಾರಿಯಾಗಬಾರದು: ಪ್ರಾದೇಶಿಕ ಆರ್ಥಿಕ ಒಗ್ಗೂಡುವಿಕೆ ಮತ್ತು ಸಣ್ಣ ದೇಶಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನೆರೆಹೊರೆಯ ದೇಶಗಳು ಒಂದೇ ಮಾರುಕಟ್ಟೆಯಾಗಲು ಹೊರಟಾಗ ಅವುಗಳಲ್ಲಿ ಚಿಕ್ಕದಕ್ಕೆ ಏನಾಗುತ್ತದೆ? ಈ ವಿಷಯದಲ್ಲಿ ಆಸಕ್ತಿ ಇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಸದಸ್ಯ ರಾಷ್ಟ್ರದ ಕೈಯನ್ನೂ ಕಟ್ಟುವಂಥ ನಿಯಮಗಳು ಒಪ್ಪಂದದಲ್ಲಿ ಇದ್ದರೆ ಸಣ್ಣ ದೇಶ ಗೆಲ್ಲುತ್ತದೆ. ಇಲ್ಲದಿದ್ದರೆ ಸುಂಕ ಎಷ್ಟೇ ಇಳಿದರೂ ಅದು ಇನ್ನೊಬ್ಬರ ಅಂಗಳದಲ್ಲಿ ನಿಂತ ಅತಿಥಿಯಾಗಿಯೇ ಉಳಿಯುತ್ತದೆ. ಮುಂದಿನ ಉತ್ತರಗಳೆಲ್ಲ ಈ ಮಾತಿನ ಸುತ್ತಲೇ ಇವೆ.

ಪ್ರಾದೇಶಿಕ ಆರ್ಥಿಕ ಒಗ್ಗೂಡುವಿಕೆ ಎಂದರೆ ನಿಖರವಾಗಿ ಏನು?

ಒಂದು ಪ್ರದೇಶದ ದೇಶಗಳು ತಮ್ಮ ನಡುವಿನ ವ್ಯಾಪಾರ, ಬಂಡವಾಳ, ದುಡಿಮೆ ಇವುಗಳಿಗಿರುವ ತಡೆಗಳನ್ನು ಒಪ್ಪಂದದ ಮೂಲಕ ತೆಗೆದುಹಾಕುವುದು. ಎಲ್ಲ ದೇಶಗಳನ್ನೂ ಸಮಾನವಾಗಿ ಕಾಣಬೇಕು ಎಂಬುದು ವಿಶ್ವ ವ್ಯಾಪಾರದ ಮೂಲ ತತ್ವ. ಆದರೆ ಆ ವ್ಯಾಪಾರದ ನಿಯಮಗಳನ್ನು ಹೇಳುವ ಗ್ಯಾಟ್ ಒಪ್ಪಂದದ 24ನೇ ವಿಧಿ ಇದಕ್ಕೊಂದು ವಿನಾಯಿತಿ ನೀಡುತ್ತದೆ: ಕೂಟ ಕಟ್ಟಿಕೊಂಡ ದೇಶಗಳು ತಮ್ಮೊಳಗಿನ ಬಹುಪಾಲು ವ್ಯಾಪಾರದ ಮೇಲಿನ ಸುಂಕವನ್ನು ತೆಗೆಯುವುದಾದರೆ, ಆ ಸೌಲಭ್ಯವನ್ನು ಹೊರಗಿನವರಿಗೂ ಕೊಡಬೇಕಾಗಿಲ್ಲ. ಯುರೋಪಿಯನ್ ಒಕ್ಕೂಟದಿಂದ ಆಗ್ನೇಯ ಏಷ್ಯಾದ ಆಸಿಯಾನ್‌ವರೆಗೆ, ದಕ್ಷಿಣ ಅಮೆರಿಕದ ಮೆರ್ಕೊಸುರ್‌ನಿಂದ ದಕ್ಷಿಣ ಏಷ್ಯಾದ ಸಾರ್ಕ್‌ವರೆಗೆ ಎಲ್ಲವೂ ಇಂಥ ಪ್ರಯತ್ನಗಳೇ. ಆಳ ಮಾತ್ರ ಒಂದೊಂದರದು ಒಂದೊಂದು ಬಗೆ.

ಮುಕ್ತ ವ್ಯಾಪಾರ ವಲಯ, ಸುಂಕ ಒಕ್ಕೂಟ, ಸಾಮಾನ್ಯ ಮಾರುಕಟ್ಟೆ: ಇವೆಲ್ಲ ಒಂದೇ ಅಲ್ಲವೇ?

ಅಲ್ಲ. ಹಂಗೇರಿ ಮೂಲದ ಅರ್ಥಶಾಸ್ತ್ರಜ್ಞ ಬೇಲಾ ಬಲಾಸಾ 1961ರಲ್ಲಿ ಇವನ್ನು ಮೆಟ್ಟಿಲುಗಳಂತೆ ಜೋಡಿಸಿ ತೋರಿಸಿದರು. ಮುಕ್ತ ವ್ಯಾಪಾರ ವಲಯದಲ್ಲಿ ಸದಸ್ಯರ ನಡುವೆ ಸುಂಕ ಇರುವುದಿಲ್ಲ, ಹೊರಗಿನವರಿಗೆ ಎಷ್ಟು ಸುಂಕ ಹಾಕಬೇಕೆಂಬುದು ಆಯಾ ದೇಶದ ಇಷ್ಟ. ಸುಂಕ ಒಕ್ಕೂಟದಲ್ಲಿ ಹೊರಗಿನವರಿಗೆ ಹಾಕುವ ಸುಂಕವೂ ಎಲ್ಲರದೂ ಒಂದೇ. ಸಾಮಾನ್ಯ ಮಾರುಕಟ್ಟೆಯಲ್ಲಿ ಸರಕಿನ ಜೊತೆಗೆ ಜನರೂ ಬಂಡವಾಳವೂ ಗಡಿ ದಾಟಬಹುದು. ಅದರ ಮೇಲೆ ಆರ್ಥಿಕ ಒಕ್ಕೂಟ, ಒಂದೇ ನಾಣ್ಯ.

ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಏರುವುದು ಸಣ್ಣ ದೇಶದ ಪಾಲಿಗೆ ಬಹಳ ದೊಡ್ಡ ಹೆಜ್ಜೆ. ಆದರೂ ಸಾರ್ವಜನಿಕ ಚರ್ಚೆಯಲ್ಲಿ ಇದು ಮರೆತೇಹೋಗುತ್ತದೆ ಎಂಬುದು ನನ್ನ ಕಳವಳ. ಕಿರ್ಗಿಸ್ತಾನವನ್ನು ನೋಡಿ. 1998ರಲ್ಲಿಯೇ ವಿಶ್ವ ವ್ಯಾಪಾರ ಸಂಘಟನೆ ಸೇರಿ ಕಡಿಮೆ ಸುಂಕ ಇಟ್ಟುಕೊಂಡಿದ್ದ ಆ ದೇಶ, ಚೀನಾದಿಂದ ಸರಕು ತರಿಸಿ ಕಜಾಕಿಸ್ತಾನ, ರಷ್ಯಾ ಕಡೆಗೆ ಮರುಮಾರಾಟ ಮಾಡುತ್ತಿತ್ತು. ಬಿಷ್ಕೆಕ್‌ನ ದೊರ್ದೋಯ್ ಸಂತೆ ಬೆಳೆದದ್ದೇ ಈ ದಂಧೆಯಿಂದ. 2015ರಲ್ಲಿ ರಷ್ಯಾ ಪ್ರಮುಖ ಸದಸ್ಯನಾಗಿರುವ, ಎಲ್ಲರ ಹೊರ ಸುಂಕವೂ ಒಂದೇ ಆಗಿರುವ ಯುರೇಷ್ಯನ್ ಆರ್ಥಿಕ ಒಕ್ಕೂಟಕ್ಕೆ ಸೇರಿದಾಗ ರಷ್ಯಾದ ಮಟ್ಟಕ್ಕೆ ಹತ್ತಿರವಾದ ಹೆಚ್ಚಿನ ಸುಂಕವನ್ನು ಹೊರಗಿನ ಸರಕಿಗೆ ಹಾಕಬೇಕಾಯಿತು. ಸಂತೆಯ ವರ್ತಕರಿಗೆ ಪೆಟ್ಟು ಬಿತ್ತು. ಅದೇ ಹೊತ್ತಿಗೆ ರಷ್ಯಾದಲ್ಲಿ ದುಡಿಯುವ ಲಕ್ಷಾಂತರ ಕಿರ್ಗಿಜ್ ಕಾರ್ಮಿಕರಿಗೆ ಕೆಲಸದ ಪರವಾನಗಿಯ ಕಾಟ ತಪ್ಪಿತು. ವರ್ತಕರು ಕಳೆದುಕೊಂಡದ್ದಕ್ಕೂ ಕಾರ್ಮಿಕರು ಪಡೆದದ್ದಕ್ಕೂ ಕಾರಣ ಒಂದೇ ಒಪ್ಪಂದ. 'ದೇಶಕ್ಕೆ ಲಾಭವೋ ನಷ್ಟವೋ' ಎಂದು ಕೇಳುವ ಮೊದಲು 'ದೇಶದೊಳಗೆ ಯಾರಿಗೆ' ಎಂದು ಕೇಳಬೇಕಾದದ್ದು ಇದಕ್ಕೇ.

'ಸಣ್ಣ ಆರ್ಥಿಕತೆ' ಎಂದು ಯಾವುದನ್ನು ಕರೆಯಬೇಕು?

ಜಾಗತಿಕ ಬೆಲೆಗಳನ್ನು ತನ್ನ ಕೊಳ್ಳುವಿಕೆಯಿಂದಲೋ ಮಾರಾಟದಿಂದಲೋ ಅಲುಗಾಡಿಸಲಾಗದ ದೇಶ ಸಣ್ಣದು. ಭೂಪಟದ ಅಳತೆಗೂ ಇದಕ್ಕೂ ನೇರ ಸಂಬಂಧವಿಲ್ಲ. ವಿಸ್ತಾರವಾದ ನಮೀಬಿಯಾ ಸಣ್ಣ ಆರ್ಥಿಕತೆ. ಪುಟ್ಟ ನೆದರ್ಲೆಂಡ್ಸ್ ಅಷ್ಟು ಸಣ್ಣದಲ್ಲ.

ಹಾಗಾದರೆ ಸಣ್ಣ ದೇಶಗಳು ಏಕೆ ಸೇರುತ್ತವೆ?

ಹತ್ತು ಲಕ್ಷ ಜನರಿರುವ ದೇಶದಲ್ಲಿ ಒಂದು ಔಷಧ ಕಾರ್ಖಾನೆಯೋ ಸಿಮೆಂಟ್ ಕಾರ್ಖಾನೆಯೋ ಪೂರ್ಣ ಸಾಮರ್ಥ್ಯದಲ್ಲಿ ಓಡಲು ಬೇಕಾದಷ್ಟು ಗಿರಾಕಿಗಳು ಸಿಗುವುದಿಲ್ಲ. ಮಾರುಕಟ್ಟೆ ಹಿಗ್ಗಿದರೆ ತಯಾರಿಕಾ ವೆಚ್ಚ ಇಳಿಯುತ್ತದೆ. ಇದು ಎಲ್ಲರೂ ಹೇಳುವ ಕಾರಣ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಒಬ್ಬನೇ ದೊಡ್ಡ ನೆರೆಯವನ ಮೇಲಿನ ಅವಲಂಬನೆಯಿಂದ ಬಿಡಿಸಿಕೊಳ್ಳಲು ಕೂಟವೇ ದಾರಿಯಾಗುತ್ತದೆ. ಐರ್ಲೆಂಡ್ 1973ರಲ್ಲಿ ಯುರೋಪಿಯನ್ ಸಮುದಾಯ ಸೇರಿದಾಗ ಅದರ ರಫ್ತಿನ ಅರ್ಧಕ್ಕಿಂತ ಹೆಚ್ಚು ಬ್ರಿಟನ್ನಿಗೇ ಹೋಗುತ್ತಿತ್ತು. ಬ್ರಿಟನ್ ಸೀನಿದರೆ ಐರ್ಲೆಂಡಿಗೆ ಜ್ವರ. ಮುಂದಿನ ದಶಕಗಳಲ್ಲಿ ಆ ಪಾಲು ಕುಗ್ಗುತ್ತ ಬಂತು. ಉಳಿದ ಯುರೋಪೂ ಅಮೆರಿಕವೂ ಗಿರಾಕಿಗಳಾದವು. ಬ್ರಿಟನ್ನಿನ ಜೊತೆಗೇ, ಅದೇ ದಿನ ಕೂಟ ಸೇರಿದ ದೇಶ ಆ ಕೂಟದ ಮೂಲಕವೇ ಬ್ರಿಟನ್ನಿನ ನೆರಳಿನಿಂದ ಹೊರಬಂತು.

ಐರ್ಲೆಂಡಿನ ಅಂಕಿಅಂಶಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಆಸ್ತಿಯನ್ನು ಅಲ್ಲಿಗೆ ಕಾಗದದ ಮೇಲೆ ಸ್ಥಳಾಂತರಿಸಿದ್ದರಿಂದ 2015ರಲ್ಲಿ ಅದರ ಜಿಡಿಪಿ ಒಂದೇ ವರ್ಷದಲ್ಲಿ ಸುಮಾರು ಕಾಲು ಭಾಗದಷ್ಟು ಏರಿದಂತೆ ಕಂಡಿತು. ಅಲ್ಲಿನ ಅಂಕಿಅಂಶ ಕಚೇರಿ ನಿಜವಾದ ದೇಶೀಯ ಚಟುವಟಿಕೆಯನ್ನು ಅಳೆಯಲು ಬೇರೆಯೇ ಅಳತೆಗೋಲನ್ನು ರೂಪಿಸಬೇಕಾಯಿತು.

ಸುಂಕ ಇಳಿದರೆ ಸರಕು ಅಗ್ಗವಾಗುತ್ತದೆ. ಅದರಲ್ಲಿ ನಷ್ಟ ಹೇಗೆ ಸಾಧ್ಯ?

ಸಾಧ್ಯ. ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ 1950ರಲ್ಲಿ ಇದನ್ನು ತೋರಿಸಿಕೊಟ್ಟರು. ಒಂದು ಲೆಕ್ಕ ಹಾಕೋಣ.

ಒಂದು ಸರಕನ್ನು ಹೊರಗಿನ ದೇಶವೊಂದು 100ಕ್ಕೆ ಮಾರುತ್ತದೆ. ಕೂಟದ ಸದಸ್ಯ ದೇಶ 110ಕ್ಕೆ ಮಾರುತ್ತದೆ. ನಿಮ್ಮ ದೇಶದ ಸುಂಕ ಎಲ್ಲರಿಗೂ ಶೇ 20 ಇದ್ದಾಗ ಹೊರಗಿನದು 120ಕ್ಕೂ ಸದಸ್ಯ ದೇಶದ್ದು 132ಕ್ಕೂ ಬೀಳುತ್ತದೆ. ಸಹಜವಾಗಿಯೇ ಹೊರಗಿನಿಂದ ಕೊಳ್ಳುತ್ತೀರಿ. ಗ್ರಾಹಕ 120 ಕೊಡುತ್ತಾನೆ, ಅದರಲ್ಲಿ 20 ನಿಮ್ಮದೇ ಖಜಾನೆಗೆ ಬರುತ್ತದೆ. ಈಗ ಕೂಟದ ಸದಸ್ಯನಿಗೆ ಮಾತ್ರ ಸುಂಕ ರದ್ದಾಯಿತು ಎನ್ನಿ. ಸದಸ್ಯ ದೇಶದ ಸರಕು 110, ಹೊರಗಿನದು 120. ಗ್ರಾಹಕ 110ರದನ್ನು ಕೊಳ್ಳುತ್ತಾನೆ. ಅವನಿಗೆ 10 ಉಳಿಯಿತು, ಖಜಾನೆಗೆ 20 ಹೋಯಿತು. ಒಟ್ಟಾರೆ ದೇಶಕ್ಕೆ 10 ನಷ್ಟ. ಆ 10 ಎಲ್ಲಿಗೆ ಹೋಯಿತು? ಹೆಚ್ಚು ವೆಚ್ಚದಲ್ಲಿ ತಯಾರಿಸುವ ನೆರೆ ದೇಶದ ಕಾರ್ಖಾನೆಗೆ.

ವೈನರ್ ಇದನ್ನು ವ್ಯಾಪಾರ ಪಲ್ಲಟ ಎಂದರು. ಇದಕ್ಕೆ ಎದುರಾದದ್ದು ವ್ಯಾಪಾರ ಸೃಷ್ಟಿ: ನಿಮ್ಮಲ್ಲಿಯೇ 130ಕ್ಕೆ ತಯಾರಾಗುತ್ತಿದ್ದ ಸರಕಿನ ಜಾಗಕ್ಕೆ ನೆರೆಯವನ 110ರ ಸರಕು ಬಂದರೆ ಅದು ನಿಜವಾದ ಉಳಿತಾಯ. ಎರಡರಲ್ಲಿ ಯಾವುದು ಹೆಚ್ಚಾಗುತ್ತದೆ ಎಂಬುದು ಬಹುಮಟ್ಟಿಗೆ ಹೊರಗಿನವರ ಮೇಲಿನ ಸುಂಕ ಎಷ್ಟು ಎತ್ತರವಿದೆ ಎಂಬುದನ್ನು ಅವಲಂಬಿಸಿದೆ. ಎತ್ತರದ ಗೋಡೆಯೊಳಗೆ ಕಟ್ಟಿದ ಕೂಟ ಸಣ್ಣ ಸದಸ್ಯನಿಗೆ ದುಬಾರಿ. ಈ ಒಂದು ಲೆಕ್ಕವನ್ನು ಪ್ರತಿಯೊಬ್ಬ ಶಾಸಕನೂ ಒಪ್ಪಂದಕ್ಕೆ ಮತ ಹಾಕುವ ಮೊದಲು ಸ್ವತಃ ಮಾಡಿ ನೋಡಬೇಕು ಎಂಬುದು ನನ್ನ ಆಸೆ.

ಸುಂಕದ ಆದಾಯವನ್ನೇ ನಂಬಿಕೊಂಡ ಸರ್ಕಾರಗಳ ಗತಿ ಏನು?

ಬಡ ಮತ್ತು ಸಣ್ಣ ದೇಶಗಳಲ್ಲಿ ಆದಾಯ ತೆರಿಗೆ ವಸೂಲಿ ಕಷ್ಟ. ಬಂದರಿನಲ್ಲೋ ಗಡಿಯಲ್ಲೋ ನಿಂತು ಸುಂಕ ಎತ್ತುವುದು ಸುಲಭ. ಹಾಗಾಗಿ ಸುಂಕ ಬಿಟ್ಟುಕೊಡುವುದೆಂದರೆ ಶಾಲೆಯ ಸಂಬಳ, ಆಸ್ಪತ್ರೆಯ ಔಷಧಕ್ಕೆ ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆ. ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ಒಪ್ಪಂದ ಇದನ್ನು ಅರಿತುಕೊಂಡೇ ಶೇ 90ರಷ್ಟು ಸರಕುಗಳ ಸುಂಕ ತೆಗೆಯಲು ಸಾಮಾನ್ಯ ದೇಶಗಳಿಗೆ 5 ವರ್ಷ, ಅತ್ಯಂತ ಹಿಂದುಳಿದ ದೇಶಗಳಿಗೆ 10 ವರ್ಷ ಕೊಟ್ಟಿದೆ.

ಈ ಪ್ರಶ್ನೆಗೆ ಹಳೆಯ, ನನ್ನ ಮಟ್ಟಿಗೆ ಅತ್ಯಂತ ಕುತೂಹಲದ ಉತ್ತರ ದಕ್ಷಿಣ ಆಫ್ರಿಕಾ ಸುಂಕ ಒಕ್ಕೂಟದ್ದು. 1910ರಲ್ಲಿ ಹುಟ್ಟಿದ ಇದು ಇಂದಿಗೂ ನಡೆಯುತ್ತಿರುವ ಸುಂಕ ಒಕ್ಕೂಟಗಳಲ್ಲೇ ಹಳೆಯದು. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ಲೆಸೊಥೊ, ನಮೀಬಿಯಾ, ಎಸ್ವಾಟಿನಿ ಸದಸ್ಯರು. ಎಲ್ಲರ ಸುಂಕವೂ ಒಂದೇ ಬೊಕ್ಕಸಕ್ಕೆ ಬೀಳುತ್ತದೆ, ಆಮೇಲೆ ಸೂತ್ರದ ಪ್ರಕಾರ ಹಂಚಿಕೆಯಾಗುತ್ತದೆ. ಬೋಟ್ಸ್ವಾನಾ, ಲೆಸೊಥೊ, ಅಂದಿನ ಸ್ವಾಜಿಲೆಂಡ್ ಸ್ವತಂತ್ರವಾದ ಮೇಲೆ 1969ರಲ್ಲಿ ಸೂತ್ರವನ್ನು ತಿದ್ದಲಾಯಿತು. ಸಣ್ಣ ಸದಸ್ಯರ ಪಾಲನ್ನು ಶೇ 42ರಷ್ಟು ಹೆಚ್ಚಿಸಿ ಕೊಡುವ ಗುಣಕ ಅದರಲ್ಲಿತ್ತು. ಏಕೆ? ದಕ್ಷಿಣ ಆಫ್ರಿಕಾದ ಕಾರ್ಖಾನೆಗಳನ್ನು ಕಾಯುವ ಸುಂಕದಿಂದಾಗಿ ಸಣ್ಣ ದೇಶಗಳ ಜನ ಹೆಚ್ಚಿನ ಬೆಲೆ ತೆರುತ್ತಿದ್ದರು, ಉದ್ದಿಮೆಗಳು ದೊಡ್ಡ ದೇಶದಲ್ಲೇ ಗುಡ್ಡೆ ಬೀಳುತ್ತಿದ್ದವು, ಸುಂಕದ ನೀತಿಯನ್ನು ಸ್ವಂತವಾಗಿ ನಡೆಸುವ ಸ್ವಾತಂತ್ರ್ಯವೂ ಅವರಿಗೆ ಇರಲಿಲ್ಲ. ವೈನರ್ ಕಾಗದದ ಮೇಲೆ ತೋರಿಸಿದ ನಷ್ಟಕ್ಕೆ ಇಲ್ಲಿ ಒಪ್ಪಂದದಲ್ಲೇ ಬೆಲೆ ಕಟ್ಟಿದ್ದರು.

ಆದರೆ ಹಣ ಕೊಟ್ಟವರು ಅಧಿಕಾರ ಕೊಡಲಿಲ್ಲ. ಸುಂಕ ಎಷ್ಟಿರಬೇಕೆಂದು ದಕ್ಷಿಣ ಆಫ್ರಿಕಾ ಒಂದೇ ತೀರ್ಮಾನಿಸುತ್ತಿತ್ತು. 2002ರ ಹೊಸ ಒಪ್ಪಂದ ಸಚಿವರ ಮಂಡಳಿಯನ್ನೂ ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಕಾರ್ಯಾಲಯವನ್ನೂ ತಂದು, ತೀರ್ಮಾನಗಳು ಸಹಮತದಿಂದ ಆಗಬೇಕು ಎಂದಿತು. ಸುಂಕದ ಪಾಲನ್ನು ಸದಸ್ಯರು ಪರಸ್ಪರ ಎಷ್ಟು ಆಮದು ಮಾಡಿಕೊಳ್ಳುತ್ತಾರೆ ಎಂಬುದರ ಮೇಲೆ ಹಂಚಲಾಗುತ್ತದೆ. ಸಣ್ಣವು ಬಹುತೇಕ ಎಲ್ಲವನ್ನೂ ದಕ್ಷಿಣ ಆಫ್ರಿಕಾದಿಂದಲೇ ಕೊಳ್ಳುವುದರಿಂದ ಅವುಗಳಿಗೆ ದೊಡ್ಡ ಪಾಲು ಸಿಗುತ್ತದೆ. ಅಬಕಾರಿ ಆದಾಯದ ಶೇ 15ರಷ್ಟನ್ನು ಅಭಿವೃದ್ಧಿ ಪಾಲೆಂದು ತೆಗೆದಿಟ್ಟು, ತಲಾ ಆದಾಯ ಕಡಿಮೆ ಇರುವವರಿಗೆ ಹೆಚ್ಚು ಬರುವಂತೆ ಹಂಚುತ್ತಾರೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಲೆಸೊಥೊ, ಎಸ್ವಾಟಿನಿ ಸರ್ಕಾರಗಳ ಆದಾಯದಲ್ಲಿ ಕೆಲವು ವರ್ಷ ಅರ್ಧದಷ್ಟು ಈ ಬೊಕ್ಕಸದಿಂದಲೇ ಬಂದಿದೆ. 2008ರ ಜಾಗತಿಕ ಹಿಂಜರಿತದ ನಂತರ ಆಮದು ಕುಸಿದು ಬೊಕ್ಕಸ ಬರಿದಾದಾಗ ಎಸ್ವಾಟಿನಿಯ ಸರ್ಕಾರ ತೀವ್ರ ಹಣದ ಮುಗ್ಗಟ್ಟಿಗೆ ಸಿಲುಕಿತು. ಪರಿಹಾರವೆಂದು ಬಂದ ಹಣವೇ ಸ್ವಂತ ತೆರಿಗೆ ವ್ಯವಸ್ಥೆ ಕಟ್ಟಿಕೊಳ್ಳುವ ತುರ್ತನ್ನು ಮರೆಸಿಬಿಡುತ್ತದೆ.

ಗಡಿ ತೆರೆದರೆ ಕಾರ್ಖಾನೆಗಳೆಲ್ಲ ದೊಡ್ಡ ದೇಶಕ್ಕೆ ಹೋಗುತ್ತವೆ ಎನ್ನುತ್ತಾರೆ. ನಿಜವೇ?

ಭಯ ನಿಜ. ಇತಿಹಾಸದಲ್ಲಿ ಒಕ್ಕೂಟಗಳು ಒಡೆದದ್ದು ಬಹುಮಟ್ಟಿಗೆ ಈ ಭಯದಿಂದಲೇ.

ಹೂಡಿಕೆದಾರ ಒಳ್ಳೆಯ ರಸ್ತೆ, ವಿದ್ಯುತ್, ನುರಿತ ಕೆಲಸಗಾರರು, ಬಿಡಿಭಾಗ ಪೂರೈಸುವವರು ಈಗಾಗಲೇ ಇರುವ ಕಡೆ ಕಾರ್ಖಾನೆ ಹಾಕುತ್ತಾನೆ. ಗಡಿಯಲ್ಲಿ ಸುಂಕ ಇದ್ದಾಗ ಸಣ್ಣ ದೇಶದೊಳಗೂ ಒಂದು ಘಟಕ ತೆರೆಯಲು ಅವನಿಗೆ ಕಾರಣವಿತ್ತು. ಸುಂಕ ಹೋದ ಮೇಲೆ ಒಂದೇ ಕಡೆಯಿಂದ ಎಲ್ಲರಿಗೂ ಕಳುಹಿಸಬಹುದು. ಪೂರ್ವ ಆಫ್ರಿಕಾದಲ್ಲಿ ಆದದ್ದು ಇದೇ. ಕೀನ್ಯಾ, ಉಗಾಂಡ, ತಾಂಜಾನಿಯಾ ಬ್ರಿಟಿಷ್ ಆಳ್ವಿಕೆಯ ಕಾಲದಿಂದಲೂ ರೈಲು, ಅಂಚೆ, ನಾಣ್ಯವನ್ನು ಹಂಚಿಕೊಂಡಿದ್ದವು. ಉದ್ದಿಮೆಗಳು ಮಾತ್ರ ನೈರೋಬಿಯ ಸುತ್ತ ಸೇರಿಕೊಂಡವು. 1967ರಲ್ಲಿ ಪೂರ್ವ ಆಫ್ರಿಕಾ ಸಮುದಾಯ ಹುಟ್ಟಿದಾಗ ಒಪ್ಪಂದ ಬರೆದವರಿಗೆ ಇದರ ಅರಿವಿತ್ತು. ವ್ಯಾಪಾರದಲ್ಲಿ ಕೊರತೆ ಇರುವ ಸದಸ್ಯ, ನೆರೆಯವನ ಕಾರ್ಖಾನೆಯ ಸರಕಿನ ಮೇಲೆ ತಾತ್ಕಾಲಿಕವಾಗಿ ವರ್ಗಾವಣೆ ತೆರಿಗೆ ಹಾಕಬಹುದೆಂದು ಬರೆದರು. ಉಗಾಂಡ, ತಾಂಜಾನಿಯಾಗಳಿಗೆ ಹೆಚ್ಚು ಸಾಲ ಕೊಡಬೇಕೆಂಬ ನಿಯಮದೊಂದಿಗೆ ಕಂಪಾಲಾದಲ್ಲಿ ಪೂರ್ವ ಆಫ್ರಿಕಾ ಅಭಿವೃದ್ಧಿ ಬ್ಯಾಂಕನ್ನು ತೆರೆದರು.

ಅಷ್ಟಾದರೂ 1977ರಲ್ಲಿ ಸಮುದಾಯ ಮುರಿದುಬಿತ್ತು. ಲಾಭದ ಹಂಚಿಕೆಯ ಅಸಮಾಧಾನದ ಜೊತೆಗೆ ಕೀನ್ಯಾದ ಬಂಡವಾಳಶಾಹಿ ಹಾದಿ, ತಾಂಜಾನಿಯಾದ ಸಮಾಜವಾದ, ಉಗಾಂಡದಲ್ಲಿ ಇದಿ ಅಮೀನ್‌ನ ದರ್ಬಾರು ಎಲ್ಲವೂ ಸೇರಿಕೊಂಡವು. ತಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅಮೀನ್‌ನೊಂದಿಗೆ ಒಂದೇ ಮೇಜಿಗೆ ಕೂರಲು ಒಪ್ಪಲಿಲ್ಲ. ಮೂವರು ಅಧ್ಯಕ್ಷರೇ ಒಕ್ಕೂಟದ ಅತ್ಯುನ್ನತ ಅಂಗವಾಗಿದ್ದರಿಂದ ಎಲ್ಲವೂ ನಿಂತುಹೋಯಿತು. ನಾಯಕರ ಸಂಬಂಧದ ಮೇಲೆ ಒಕ್ಕೂಟ ನಿಂತಿದ್ದರೆ ಸಂಬಂಧ ಕೆಟ್ಟ ದಿನ ಅದಕ್ಕೆ ಆಧಾರವೇ ಇರುವುದಿಲ್ಲ.

ಮಧ್ಯ ಅಮೆರಿಕದ ಕಥೆ ಇನ್ನೂ ಕಹಿ. 1960ರಲ್ಲಿ ಕಟ್ಟಿದ ಸಾಮಾನ್ಯ ಮಾರುಕಟ್ಟೆಯಲ್ಲಿ ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದ ಕಾರ್ಖಾನೆಗಳು ಬೆಳೆದವು, ಹೊಂಡುರಾಸ್ ಹಿಂದೆ ಬಿತ್ತು. 1969ರಲ್ಲಿ ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ನಡುವೆ ಯುದ್ಧವೇ ನಡೆಯಿತು. ಭೂಮಿ ಮತ್ತು ವಲಸಿಗರ ವಿವಾದ ಅದರ ನೇರ ಕಾರಣ, ನಿಜ. ಆದರೆ ಅಸಮಾನ ಲಾಭದ ಕಿಡಿ ಒಳಗೆ ಹೊಗೆಯಾಡುತ್ತಲೇ ಇತ್ತು. ಅನಂತರ ಹೊಂಡುರಾಸ್ ಮಾರುಕಟ್ಟೆಯಿಂದ ಹೊರನಡೆಯಿತು.

ಪರಿಹಾರ ನಿಧಿಗಳು ಇದನ್ನು ಸರಿಪಡಿಸುತ್ತವೆಯೇ?

ನಿಧಿಯ ಗಾತ್ರದ ಮೇಲೆ ನಿಂತಿದೆ. ಯುರೋಪಿನಲ್ಲಿ ತಲಾ ಆದಾಯ ಒಕ್ಕೂಟದ ಸರಾಸರಿಯ ಶೇ 90ಕ್ಕಿಂತ ಕಡಿಮೆ ಇರುವ ದೇಶಗಳಿಗೆ ಒಗ್ಗಟ್ಟಿನ ನಿಧಿಯಿಂದ ರಸ್ತೆ, ಪರಿಸರ ಕಾಮಗಾರಿಗಳಿಗೆ ಹಣ ಬರುತ್ತದೆ. ಮೊದಲು ಪಡೆದವರು ಗ್ರೀಸ್, ಐರ್ಲೆಂಡ್, ಪೋರ್ಚುಗಲ್, ಸ್ಪೇನ್. ದಕ್ಷಿಣ ಅಮೆರಿಕದ ಮೆರ್ಕೊಸುರ್ 2004ರಲ್ಲಿ ಇಂಥದ್ದೇ ನಿಧಿ ಸ್ಥಾಪಿಸಿತು. ಅದರ ಹಂಚಿಕೆ ನೋಡಲು ಸೊಗಸಾಗಿದೆ: ಬ್ರೆಜಿಲ್ ಶೇ 70, ಅರ್ಜೆಂಟೀನಾ ಶೇ 27, ಉರುಗ್ವೆ ಶೇ 2, ಪರಾಗ್ವೆ ಶೇ 1 ಹಾಕುತ್ತವೆ, ಪಡೆಯುವಾಗ ಪರಾಗ್ವೆಗೆ ಶೇ 48, ಉರುಗ್ವೆಗೆ ಶೇ 32. ತತ್ವ ಅಷ್ಟು ಚೆನ್ನಾಗಿದ್ದರೂ ವರ್ಷಕ್ಕೆ ಗೊತ್ತುಮಾಡಿದ ಮೊತ್ತ 10 ಕೋಟಿ ಡಾಲರ್ ಮಾತ್ರ. ಪರಾಗ್ವೆಯಲ್ಲಿ ಒಂದು ವಿದ್ಯುತ್ ಮಾರ್ಗಕ್ಕೆ ನೆರವಾಗಬಹುದಾದ ಹಣವದು. ಕೈಗಾರಿಕೆಗಳ ದಿಕ್ಕನ್ನೇ ತಿರುಗಿಸಲು ಅದು ಸಾಲದು.

'ಮೂಲ ನಿಯಮ' ಎಂಬ ಪದ ಪದೇ ಪದೇ ಕೇಳಿಬರುತ್ತದೆ. ಅದಕ್ಕೇಕೆ ಅಷ್ಟು ಮಹತ್ವ?

ಸುಂಕದ ವಿನಾಯಿತಿ ಸದಸ್ಯ ದೇಶದಲ್ಲಿ ಹುಟ್ಟಿದ ಸರಕಿಗೆ ಮಾತ್ರ. ಹುಟ್ಟಿದ್ದು ಅಲ್ಲಿಯೇ ಎಂದು ಸಾಬೀತುಪಡಿಸಲು ಇರುವುದೇ ಮೂಲ ನಿಯಮ. ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾದಲ್ಲಿ ಸಾಮಾನ್ಯವಾಗಿ ಸರಕಿನ ಬೆಲೆಯ ಶೇ 40ರಷ್ಟು ದೇಶದೊಳಗೇ ಸೇರ್ಪಡೆಯಾಗಿರಬೇಕು. ಶ್ರೀಲಂಕಾಕ್ಕೆ ಇದು ಶೇ 35, ಅತ್ಯಂತ ಹಿಂದುಳಿದ ದೇಶಗಳಿಗೆ ಶೇ 30. ಹತ್ತು ಶೇಕಡಾ ವ್ಯತ್ಯಾಸ ಚಿಕ್ಕದೆನಿಸಬಹುದು. ಆದರೆ ನೂಲು, ಬಣ್ಣ, ಗುಂಡಿ ಎಲ್ಲವನ್ನೂ ಹೊರಗಿನಿಂದ ತರಿಸಿ ಹೊಲಿಯುವ ದೇಶಕ್ಕೆ ಅದೇ ಬದುಕು.

ನಿಯಮ ಸಡಿಲವಾದರೆ ಬೇರೆ ತೊಂದರೆ. ಭಾರತ ಮತ್ತು ಶ್ರೀಲಂಕಾ ನಡುವಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂದ ಮೇಲೆ ಶ್ರೀಲಂಕಾದಿಂದ ವನಸ್ಪತಿ ಮತ್ತು ತಾಮ್ರದ ರಫ್ತು ಹಠಾತ್ತನೆ ಏರಿತು. ವನಸ್ಪತಿಗೆ ಬೇಕಾದ ತಾಳೆ ಎಣ್ಣೆಯ ನಾಡೇನೂ ಅಲ್ಲ ಶ್ರೀಲಂಕಾ. ಭಾರತದಲ್ಲಿ ತಾಳೆ ಎಣ್ಣೆಗೆ ಹೆಚ್ಚು ಸುಂಕ, ಶ್ರೀಲಂಕಾದಲ್ಲಿ ಕಡಿಮೆ. ಆ ಅಂತರವನ್ನು ಲಾಭವಾಗಿಸಿಕೊಳ್ಳಲು ಕಾರ್ಖಾನೆಗಳು ಅಲ್ಲಿ ತಲೆ ಎತ್ತಿದವು. ಭಾರತದ ತಯಾರಕರು ಬೊಬ್ಬೆ ಹಾಕಿದರು, ಆಮದಿನ ಮೇಲೆ ಮಿತಿ ಬಂತು, ಸುಂಕದ ಅಂತರ ಕರಗಿದಾಗ ಆ ಉದ್ದಿಮೆಯೂ ಕರಗಿತು. ನೇಪಾಳದ ವನಸ್ಪತಿಗೂ 2002ರಲ್ಲಿ ವರ್ಷಕ್ಕೆ ಒಂದು ಲಕ್ಷ ಟನ್ನಿನ ಮಿತಿ ಬಿತ್ತು. ಸುಂಕದ ಸಂದಿನಲ್ಲಿ ಹುಟ್ಟಿದ ಉದ್ಯೋಗಗಳನ್ನು ರಫ್ತಿನ ಯಶಸ್ಸು ಎಂದು ಲೆಕ್ಕ ಹಾಕುವುದು ಅಪಾಯಕಾರಿ. ಅಲ್ಲಿ ದುಡಿಯುತ್ತಿದ್ದವರು ಕೆಲಸ ಕಳೆದುಕೊಂಡಾಗ ಅವರಿಗೆ ಉತ್ತರ ಹೇಳಲು ಯಾರೂ ಇರುವುದಿಲ್ಲ.

ಸುಂಕ ಶೂನ್ಯವಾದ ಮೇಲೂ ಸರಕು ಗಡಿಯಲ್ಲಿ ನಿಂತುಬಿಡುವುದು ಏಕೆ?

ಸುಂಕೇತರ ತಡೆಗಳಿಂದ. ಸಸ್ಯರೋಗ ತಪಾಸಣೆ, ಗುಣಮಟ್ಟದ ಪ್ರಮಾಣಪತ್ರ, ಪ್ರಯೋಗಾಲಯದ ವರದಿ, ಲೇಬಲ್ಲಿನ ನಿಯಮ, ನಿರ್ದಿಷ್ಟ ಬಂದರಿನ ಮೂಲಕವೇ ಬರಬೇಕೆಂಬ ಷರತ್ತು. ಇವುಗಳಲ್ಲಿ ಹಲವು ನ್ಯಾಯವಾದವು. ಆಹಾರ ಸುರಕ್ಷತೆಯನ್ನು ಯಾರೂ ಬಿಟ್ಟುಕೊಡಲಾಗದು. ಆದರೆ ಸಣ್ಣ ದೇಶದ ಪ್ರಯೋಗಾಲಯದ ವರದಿಯನ್ನು ದೊಡ್ಡ ದೇಶ ಮಾನ್ಯ ಮಾಡದಿದ್ದರೆ, ಮಾದರಿ ದೂರದ ನಗರಕ್ಕೆ ಹೋಗಿ ಬರುವಷ್ಟರಲ್ಲಿ ಲಾರಿಯಲ್ಲಿದ್ದ ಹಣ್ಣು ಕೊಳೆತಿರುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆ ಹುಟ್ಟಿದ್ದು ಸುಂಕದ ಕಾಲದಲ್ಲಿ; ಸುಂಕ ಹೋದರೂ ಗಾದೆ ಹಳತಾಗಿಲ್ಲ.

ಇದಕ್ಕೆ ಪರಿಹಾರಗಳೂ ಇವೆ. ಕೀನ್ಯಾ ಮತ್ತು ಉಗಾಂಡದ ನಡುವಿನ ಬುಸಿಯಾ, ಮಲಾಬಾ ಗಡಿಗಳಲ್ಲಿ ಎರಡೂ ದೇಶಗಳ ಅಧಿಕಾರಿಗಳು ಒಂದೇ ಕಡೆ ಕುಳಿತು ತಪಾಸಣೆ ಮುಗಿಸುವ ವ್ಯವಸ್ಥೆ ಬಂದಿದೆ. ಲಾರಿ ಎರಡು ಸಲ ನಿಲ್ಲಬೇಕಾಗಿಲ್ಲ. ಪ್ರಮಾಣಪತ್ರಗಳ ಪರಸ್ಪರ ಮಾನ್ಯತೆ ಇದಕ್ಕಿಂತ ಕಷ್ಟದ ಕೆಲಸ, ಆದರೆ ಸಣ್ಣ ರೈತನಿಗೂ ಸಣ್ಣ ತಯಾರಕನಿಗೂ ಇನ್ನೊಂದು ಹತ್ತು ಶೇಕಡಾ ಸುಂಕ ಕಡಿತಕ್ಕಿಂತ ಅದರಿಂದಲೇ ಹೆಚ್ಚು ಉಪಕಾರ.

ಕಡಲಿಲ್ಲದ ದೇಶಗಳ ಸ್ಥಿತಿ ಬೇರೆಯೇ?

ಬೇರೆಯೇ. ಅವುಗಳಿಗೆ ಒಗ್ಗೂಡುವಿಕೆ ಆಯ್ಕೆಯ ಮಾತಲ್ಲ, ಉಸಿರಾಟದ ಮಾತು. ನೇಪಾಳದ ಸಾಗರೋತ್ತರ ಸರಕು ಹಿಂದಿನಿಂದಲೂ ಕೋಲ್ಕತ್ತಾ, ಹಲ್ದಿಯಾ ಬಂದರುಗಳ ಮೂಲಕ ಬರುತ್ತದೆ. 1989ರಲ್ಲಿ ಭಾರತದೊಂದಿಗಿನ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದು ನವೀಕರಣವಾಗದಿದ್ದಾಗ ಬಹುತೇಕ ಗಡಿದ್ವಾರಗಳು ಮುಚ್ಚಿದವು, ಸೀಮೆಎಣ್ಣೆಗೂ ಪರದಾಟವಾಯಿತು. 2015ರಲ್ಲಿ ಹೊಸ ಸಂವಿಧಾನದ ನಂತರದ ತಿಂಗಳುಗಳಲ್ಲಿ ಗಡಿ ಸಾಗಣೆ ಮತ್ತೆ ನಿಂತಾಗ, ಅದೇ ವರ್ಷದ ಭೂಕಂಪದಿಂದ ಇನ್ನೂ ಚೇತರಿಸಿಕೊಳ್ಳದ ಜನ ಇಂಧನ, ಔಷಧಕ್ಕೆ ಒದ್ದಾಡಿದರು. ಮರುವರ್ಷವೇ ನೇಪಾಳ ಚೀನಾದೊಂದಿಗೆ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿತು. ಹಿಮಾಲಯ ದಾಟಿ ಸರಕು ತರುವುದು ದೂರವೂ ದುಬಾರಿಯೂ ಹೌದು. ಆದರೂ ಎರಡನೆಯ ಬಾಗಿಲೊಂದು ಇದೆ ಎಂಬುದಕ್ಕೆ ಮಾತುಕತೆಯಲ್ಲಿ ಬೆಲೆಯಿದೆ. ಸಾಗಣೆಯ ಹಕ್ಕು ಆಗಾಗ ನವೀಕರಿಸುವ ಕೃಪೆಯಾಗಿರದೆ ಕಾಯಂ ಹಕ್ಕಾಗಿರಬೇಕು. ಈ ವಿಷಯದಲ್ಲಿ ನನಗೆ ರಾಜಿಯ ಮಾತೇ ಇಲ್ಲ.

ಒಂದೇ ನಾಣ್ಯ ಅಥವಾ ದೊಡ್ಡ ನೆರೆಯವರ ನಾಣ್ಯಕ್ಕೆ ಕಟ್ಟಿಕೊಳ್ಳುವುದು ಒಳ್ಳೆಯದೇ?

ನೇಪಾಳದ ರೂಪಾಯಿ 1993ರಿಂದ ಭಾರತದ ರೂಪಾಯಿಗೆ 1.6ರ ದರದಲ್ಲಿ ಕಟ್ಟಿಕೊಂಡಿದೆ. ಭೂತಾನಿನ ನುಲ್ಟ್ರಂ ಒಂದಕ್ಕೆ ಒಂದು. ಪೂರ್ವ ಕೆರಿಬಿಯನ್ನಿನ ಪುಟ್ಟ ದ್ವೀಪಗಳು ಒಂದೇ ಡಾಲರ್ ಬಳಸುತ್ತವೆ. 1976ರಿಂದ ಅಮೆರಿಕದ ಡಾಲರಿಗೆ 2.70ರ ದರ ಬದಲಾಗಿಲ್ಲ. ಅಷ್ಟು ಸಣ್ಣ ದೇಶಗಳಿಗೆ ಇಂಥ ಸ್ಥಿರತೆ ದೊಡ್ಡ ವರ.

ಆದರೆ ಕೆಟ್ಟ ಕಾಲದಲ್ಲಿ ನಾಣ್ಯದ ಬೆಲೆ ಇಳಿಸಿ ರಫ್ತನ್ನು ಅಗ್ಗವಾಗಿಸುವ ದಾರಿ ಮುಚ್ಚಿಹೋಗುತ್ತದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ 1961ರಲ್ಲೇ ಕೇಳಿದ್ದರು: ಏಟು ಬೀಳುವುದು ಒಬ್ಬೊಬ್ಬರಿಗೆ ಒಂದೊಂದು ಕಾಲದಲ್ಲಾದರೆ ಎಲ್ಲರಿಗೂ ಒಂದೇ ನಾಣ್ಯ ಹೇಗೆ ಹೊಂದುತ್ತದೆ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. 2010ರ ನಂತರ ಗ್ರೀಸ್ ಕಂಡದ್ದು ಇದನ್ನೇ. ಯೂರೋಗೆ ಕಟ್ಟಿಕೊಂಡಿದ್ದ ಲಾಟ್ವಿಯಾದ ಜಿಡಿಪಿ 2009ರಲ್ಲಿ ಶೇ 14ಕ್ಕೂ ಹೆಚ್ಚು ಕುಸಿಯಿತು. ನಾಣ್ಯದ ಬೆಲೆ ಇಳಿಸುವ ಬದಲು ಸರ್ಕಾರಿ ನೌಕರರ ಸಂಬಳ ಕತ್ತರಿಸಿದರು. ಬೋಟ್ಸ್ವಾನಾ ಬೇರೆ ಹಾದಿ ಹಿಡಿಯಿತು. ಸುಂಕ ಒಕ್ಕೂಟದಲ್ಲಿ ಉಳಿದುಕೊಂಡೇ 1976ರಲ್ಲಿ ದಕ್ಷಿಣ ಆಫ್ರಿಕಾದ ರ‍್ಯಾಂಡ್ ಬಿಟ್ಟು ತನ್ನದೇ ನಾಣ್ಯ ಪುಲಾ ತಂದಿತು. ವಜ್ರದ ಆದಾಯ ಅದಕ್ಕೆ ಆ ಧೈರ್ಯ ಕೊಟ್ಟಿತ್ತು. ಒಂದು ಮೆಟ್ಟಿಲು ಹತ್ತಿದವರು ಎಲ್ಲ ಮೆಟ್ಟಿಲನ್ನೂ ಹತ್ತಲೇಬೇಕೆಂದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಜನರ ಮುಕ್ತ ಸಂಚಾರ ಸಣ್ಣ ದೇಶವನ್ನು ಬರಿದು ಮಾಡುವುದಿಲ್ಲವೇ?

ಮಾಡಬಹುದು. 1990ರ ಸುಮಾರಿಗೆ 26 ಲಕ್ಷಕ್ಕೂ ಹೆಚ್ಚಿದ್ದ ಲಾಟ್ವಿಯಾದ ಜನಸಂಖ್ಯೆ ಈಗ 19 ಲಕ್ಷಕ್ಕಿಂತ ಕಡಿಮೆ. ಜನನ ಪ್ರಮಾಣ ಇಳಿದದ್ದು ಒಂದು ಕಾರಣ, 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ ನಂತರ ಬ್ರಿಟನ್, ಐರ್ಲೆಂಡ್ ಕಡೆಗೆ ಹೊರಟ ಯುವಕರು ಇನ್ನೊಂದು. ಹೋದವರ ಬದುಕು ಸುಧಾರಿಸಿತು. ಉಳಿದವರ ಊರಿನ ಶಾಲೆ ಮುಚ್ಚಿತು. ಹೋಗುವ ಹಕ್ಕನ್ನು ಯಾರಿಂದಲೂ ಕಿತ್ತುಕೊಳ್ಳಬಾರದು ಎಂದೇ ನಾನು ನಂಬುತ್ತೇನೆ. ಆದರೆ ವೈದ್ಯರನ್ನೂ ದಾದಿಯರನ್ನೂ ತಯಾರು ಮಾಡಿದ ಖರ್ಚು ಒಂದು ದೇಶದ್ದು, ಸೇವೆ ಇನ್ನೊಂದು ದೇಶದ್ದಾದಾಗ ಆ ಲೆಕ್ಕವೂ ಒಕ್ಕೂಟದ ಮೇಜಿನ ಮೇಲೆ ಬರಬೇಕು.

ಲಕ್ಸೆಂಬರ್ಗ್ ಇದಕ್ಕೆ ತದ್ವಿರುದ್ಧ: ಅಲ್ಲಿ ದುಡಿಯುವವರಲ್ಲಿ ಸುಮಾರು ಅರ್ಧದಷ್ಟು ಜನ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ದಿನವೂ ಗಡಿ ದಾಟಿ ಬರುತ್ತಾರೆ.

ದೊಡ್ಡ ಸದಸ್ಯ ದೇಶ ಕುಸಿದರೆ?

ಸಣ್ಣದೂ ಕುಸಿಯುತ್ತದೆ. ಬ್ರೆಜಿಲ್ 1999ರಲ್ಲಿ ತನ್ನ ನಾಣ್ಯವನ್ನು ಅಪಮೌಲ್ಯಕ್ಕೆ ಬಿಟ್ಟಿತು, 2001ರಲ್ಲಿ ಅರ್ಜೆಂಟೀನಾ ಮುಗ್ಗರಿಸಿತು, 2002ರಲ್ಲಿ ಅರ್ಜೆಂಟೀನಾದ ಠೇವಣಿದಾರರು ಹಣ ಹಿಂತೆಗೆದುಕೊಂಡು ಉರುಗ್ವೆಯ ಬ್ಯಾಂಕುಗಳು ಬಾಗಿಲು ಹಾಕಬೇಕಾಯಿತು.

ದೊಡ್ಡ ದೇಶ ಒಪ್ಪಂದ ಮುರಿದರೆ ಸಣ್ಣ ದೇಶ ಏನು ಮಾಡಲು ಸಾಧ್ಯ?

ನ್ಯಾಯಾಲಯ ಇದ್ದರೆ ಬಹಳ ಮಾಡಬಹುದು. ಕೆರಿಬಿಯನ್ ಸಮುದಾಯ 2005ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ತನ್ನದೇ ನ್ಯಾಯಾಲಯ ತೆರೆಯಿತು. ಅಲ್ಲಿಗೆ ಸರ್ಕಾರಗಳಷ್ಟೇ ಅಲ್ಲ, ಕಂಪನಿಗಳೂ ನಾಗರಿಕರೂ ಹೋಗಬಹುದು. ಬಾರ್ಬಡೋಸ್ ಗಡಿಯಲ್ಲಿ ಪ್ರವೇಶ ನಿರಾಕರಿಸಲಾದ ಜಮೈಕಾದ ಪ್ರಜೆಯೊಬ್ಬರಿಗೆ 2013ರಲ್ಲಿ ಆ ನ್ಯಾಯಾಲಯ ಪರಿಹಾರ ಕೊಡಿಸಿತು. ಸಮುದಾಯದ ಪ್ರಜೆಗಳಿಗೆ ಆರು ತಿಂಗಳವರೆಗೆ ಉಳಿಯುವ ಹಕ್ಕಿದೆ ಎಂದು ಸ್ಪಷ್ಟಪಡಿಸಿತು. ಆಸಿಯಾನ್‌ನಲ್ಲಿ, ಸಾರ್ಕ್‌ನಲ್ಲಿ ಇಂಥ ನ್ಯಾಯಾಲಯವಿಲ್ಲ. ಅಲ್ಲಿ ಆನೆ ನಡೆದದ್ದೇ ದಾರಿಯಾಗುವ ಅಪಾಯ ಹೆಚ್ಚು.

ದಕ್ಷಿಣ ಏಷ್ಯಾ ಏಕೆ ಇಷ್ಟು ಹಿಂದುಳಿದಿದೆ?

1985ರಲ್ಲಿ ಢಾಕಾದಲ್ಲಿ ಸಾರ್ಕ್ ಹುಟ್ಟಿತು, 2006ರಲ್ಲಿ ಸಾಫ್ಟಾ ಜಾರಿಗೆ ಬಂತು. ಆದರೂ ಈ ದೇಶಗಳು ತಮ್ಮೊಳಗೆ ನಡೆಸುವ ವ್ಯಾಪಾರ ಒಟ್ಟು ವ್ಯಾಪಾರದ ಸುಮಾರು ಶೇ 5 ಮಾತ್ರ. ಆಸಿಯಾನ್‌ನಲ್ಲಿ ಅದು ಐದನೇ ಒಂದಕ್ಕೂ ಹೆಚ್ಚು. ಸುಂಕ ಕಡಿತದಿಂದ ಹೊರಗಿಟ್ಟ 'ಸೂಕ್ಷ್ಮ' ಸರಕುಗಳ ಉದ್ದನೆಯ ಪಟ್ಟಿಗಳು, ಸುಂಕೇತರ ತಡೆಗಳು ಒಂದು ಕಡೆ. ಭಾರತ ಮತ್ತು ಪಾಕಿಸ್ತಾನದ ವೈಮನಸ್ಯ ಇನ್ನೊಂದು ಕಡೆ: 2014ರ ಕಠ್ಮಂಡು ಶೃಂಗಸಭೆಯ ನಂತರ ನಾಯಕರ ಸಭೆಯೇ ನಡೆದಿಲ್ಲ. ಇಬ್ಬರು ದೊಡ್ಡವರ ಜಗಳದ ದಂಡವನ್ನು ನೇಪಾಳ, ಭೂತಾನ್, ಮಾಲ್ಡೀವ್ಸ್ ತೆರುತ್ತಿವೆ. ಒಳ್ಳೆಯ ಸುದ್ದಿಯೂ ಇದೆ. 2011ರಲ್ಲಿ ಭಾರತ ಅತ್ಯಂತ ಹಿಂದುಳಿದ ನೆರೆ ದೇಶಗಳಿಗೆ ಮದ್ಯ, ತಂಬಾಕಿನಂಥ 25 ಸರಕುಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಸುಂಕ ತೆಗೆಯಿತು. ಬಾಂಗ್ಲಾದೇಶದ ಸಿದ್ಧ ಉಡುಪುಗಳಿಗೆ ಅದರಿಂದ ದಾರಿ ತೆರೆಯಿತು.

ಹೊರಗೇ ಉಳಿದರೆ ಏನಾಗುತ್ತದೆ?

ನಾರ್ವೆ, ಐಸ್‌ಲೆಂಡ್ ಯುರೋಪಿಯನ್ ಒಕ್ಕೂಟದ ಹೊರಗಿವೆ. ಆದರೆ 1994ರ ಯುರೋಪಿಯನ್ ಆರ್ಥಿಕ ಪ್ರದೇಶದ ಒಪ್ಪಂದದ ಮೂಲಕ ಏಕ ಮಾರುಕಟ್ಟೆಯ ಒಳಗಿವೆ. ಆ ಮಾರುಕಟ್ಟೆಯ ನಿಯಮಗಳನ್ನು ಪಾಲಿಸುತ್ತವೆ, ಅವುಗಳನ್ನು ರೂಪಿಸುವಾಗ ಮತ ಹಾಕುವಂತಿಲ್ಲ. ಮೀನುಗಾರಿಕೆಯನ್ನು ತಮ್ಮ ಕೈಯಲ್ಲೇ ಉಳಿಸಿಕೊಳ್ಳಲು ಅವು ತೆತ್ತ ಬೆಲೆ ಇದು. ಶ್ರೀಮಂತ ದೇಶಗಳಿಗೆ ಇದು ತಾಳಿಕೊಳ್ಳಬಹುದಾದ ಏರ್ಪಾಡು.

ಒಂದೊಂದು ವಿಷಯಕ್ಕೆ ಮಾತ್ರ ಹೊರಗುಳಿಯುವುದೂ ಸಾಧ್ಯ. ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ 2015ರಲ್ಲಿ ಥಿಂಪುವಿನಲ್ಲಿ ವಾಹನಗಳ ಮುಕ್ತ ಸಂಚಾರದ ಒಪ್ಪಂದಕ್ಕೆ ಸಹಿ ಹಾಕಿದವು. ತನ್ನ ಕಿರಿದಾದ ಬೆಟ್ಟದ ರಸ್ತೆಗಳು, ಪರಿಸರ, ಸ್ಥಳೀಯ ಲಾರಿ ಮಾಲೀಕರ ಗತಿ ಏನೆಂದು ಭೂತಾನಿನ ಸಂಸತ್ತಿನಲ್ಲಿ ಪ್ರಶ್ನೆ ಎದ್ದು, ಮೇಲ್ಮನೆ ಅದನ್ನು ಅನುಮೋದಿಸಲಿಲ್ಲ. ಉಳಿದ ಮೂವರು ಭೂತಾನನ್ನು ಬಿಟ್ಟು ಮುಂದುವರಿಯಲು ಒಪ್ಪಿದರು, ಭೂತಾನ್ ಮನಸ್ಸು ಬದಲಿಸಿದರೆ ಸೇರಬಹುದೆಂದು ಬಾಗಿಲು ತೆರೆದಿಟ್ಟರು. ಸಣ್ಣ ದೇಶದ 'ಬೇಡ' ಎಂಬ ಮಾತಿಗೆ ಹೀಗೆ ಗೌರವ ಸಿಕ್ಕಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಮಾತುಕತೆಗೆ ಕೂರುವ ಸಣ್ಣ ದೇಶ ಮೊದಲು ಏನನ್ನು ಕೇಳಬೇಕು?

ಸುಂಕ ಎಷ್ಟು ಇಳಿಸುತ್ತೀರಿ ಎಂಬುದನ್ನು ಕೊನೆಗೆ ಇಟ್ಟುಕೊಳ್ಳಲಿ. ವಿವಾದ ಬಂದರೆ ತೀರ್ಪು ಯಾರದು, ಆ ತೀರ್ಪು ದೊಡ್ಡವರಿಗೂ ಅನ್ವಯಿಸುತ್ತದೆಯೇ ಎಂಬುದು ಮೊದಲ ಪ್ರಶ್ನೆಯಾಗಲಿ. ನಮ್ಮ ಪ್ರಯೋಗಾಲಯದ ಪ್ರಮಾಣಪತ್ರವನ್ನು ಒಪ್ಪುತ್ತೀರಾ? ಸಾಗಣೆಯ ಹಕ್ಕು ರಾಜಕೀಯ ಮುನಿಸಿನ ದಿನವೂ ಇರುತ್ತದೆಯೇ? ಖಜಾನೆಗೆ ಆಗುವ ನಷ್ಟಕ್ಕೆ ಎಷ್ಟು ವರ್ಷದ ಕಾಲಾವಕಾಶ? ಒಪ್ಪಂದದ ಮುನ್ನುಡಿಯಲ್ಲಿ ಸಮಾನತೆ, ಸೋದರತೆಯ ಮಾತುಗಳು ಎಲ್ಲರಿಗೂ ಸಿಗುತ್ತವೆ. ಬದುಕಿನ ಪ್ರಶ್ನೆ ಇರುವುದು ಅನುಬಂಧಗಳಲ್ಲಿ, ಸರಕು ಪಟ್ಟಿಗಳಲ್ಲಿ. ಅವನ್ನು ಸಾಲುಸಾಲಾಗಿ ಓದಬಲ್ಲ ಹತ್ತಾರು ಅಧಿಕಾರಿಗಳನ್ನು ತರಬೇತುಗೊಳಿಸುವುದಕ್ಕಿಂತ ಉತ್ತಮ ಹೂಡಿಕೆ ಸಣ್ಣ ದೇಶಕ್ಕೆ ಇನ್ನೊಂದು ನನಗೆ ತೋಚುವುದಿಲ್ಲ.

ಒಮ್ಮೆ ಸೇರಿ ಆಮೇಲೆ ಹೊರಬರಬಹುದೇ?

ಕಾನೂನಿನ ಪ್ರಕಾರ ಬಹುತೇಕ ಎಲ್ಲ ಕಡೆಯೂ ಬರಬಹುದು. ಬುರ್ಕಿನಾ ಫಾಸೊ, ಮಾಲಿ, ನೈಜರ್ 2025ರ ಜನವರಿಯಲ್ಲಿ ಪಶ್ಚಿಮ ಆಫ್ರಿಕಾದ ಆರ್ಥಿಕ ಸಮುದಾಯದಿಂದ ಹೊರನಡೆದವು. ಆದರೆ ಕೂಡಿದ್ದನ್ನು ಬಿಡಿಸುವುದು ಕೂಡುವುದಕ್ಕಿಂತ ಕಷ್ಟ. 1977ರಲ್ಲಿ ಪೂರ್ವ ಆಫ್ರಿಕಾ ಸಮುದಾಯ ಒಡೆದಾಗ ಕೀನ್ಯಾ ಮತ್ತು ತಾಂಜಾನಿಯಾ ನಡುವಿನ ಗಡಿ ಮುಚ್ಚಿ, 1983ರವರೆಗೆ ತೆರೆಯಲಿಲ್ಲ. ರೈಲು, ವಿಮಾನ, ಬಂದರುಗಳ ಆಸ್ತಿ ಮತ್ತು ಸಾಲವನ್ನು ಮೂವರಲ್ಲಿ ಹಂಚುವ ಒಪ್ಪಂದಕ್ಕೆ ಸಹಿ ಬಿದ್ದದ್ದು 1984ರಲ್ಲಿ. ಅದೇ ಮೂರು ದೇಶಗಳು 1999ರಲ್ಲಿ ಮತ್ತೆ ಕುಳಿತು ಹೊಸ ಒಪ್ಪಂದ ಬರೆದವು. ಇಂದು ಆ ಸಮುದಾಯದಲ್ಲಿ ಎಂಟು ಸದಸ್ಯರಿದ್ದಾರೆ. ಸಮುದಾಯವೇ ಇಲ್ಲದ ಆ ಎರಡು ದಶಕಗಳಲ್ಲೂ ಹಳೆಯ ಕಾಲದ ಒಂದು ಸಂಸ್ಥೆ ಕಂಪಾಲಾದಲ್ಲಿ ಬಾಗಿಲು ಮುಚ್ಚದೆ ಉಳಿದಿತ್ತು: ಸಣ್ಣ ಪಾಲುದಾರರಿಗೆ ಹೆಚ್ಚು ಸಾಲ ಕೊಡಬೇಕೆಂಬ ನಿಯಮದೊಂದಿಗೆ ಹುಟ್ಟಿದ ಆ ಅಭಿವೃದ್ಧಿ ಬ್ಯಾಂಕು.